ಕತಾರಿಗೆ ಫೋನ್ ಮಾಡುವ ಪಾಠ

ಮನ್ಮಾಯಾ,

ಅನ್ನ, ಒಣಸೊಪ್ಪಿನ ಗುಂದ್ರುಕ್ ಸಾರು ಒಲೆ ಮೇಲಿದೆ. ಬಿಪಿನ್‌ಗೆ ಬಡಿಸು.

ಮೇಜಿನ ಮೇಲಿರುವ ನನ್ನ ಪಾಠಯೋಜನೆಯನ್ನು ಒಲೆಗೆ ಹಾಕು, ಹೆಡ್‌ಸರ್ ಸಹಿ ಇದ್ದರೂ ಸರಿ. ಕಾಠ್ಮಂಡುವಿನಿಂದ ಬಂದ ಹೊಸ ಪಠ್ಯಕ್ರಮದಲ್ಲಿ ಮೂರನೇ ತರಗತಿಗೆ ‘ಮನೆಯವರ ಕೆಲಸ’ ಅಂತ ಪಾಠ ಇದೆಯಲ್ಲ. ಊರಿನ ಅಪ್ಪಂದಿರೆಲ್ಲ ಕತಾರಿನಲ್ಲಿರುವಾಗ ಇನ್ನೇನು ಮಾಡಲಿ ಅಂತ, ‘ಅಪ್ಪನಿಗೆ ಫೋನ್ ಮಾಡಿ ಕೇಳಿಕೊಂಡು ಬನ್ನಿ’ ಎಂದು ಮಕ್ಕಳಿಗೆ ಹೇಳಿದ್ದೆ. “ಭೇಷ್ ಮಿಸ್, ಹೊಸ ಪದ್ಧತಿ ಅಂದ್ರೆ ಇದು” ಅಂತ ಹೆಡ್‌ಸರ್ ಹೊಗಳಿದ್ದೇ ಹೊಗಳಿದ್ದು.

ನಿನ್ನೆ ಮೇಲಿನ ಮನೆ ಪವಿತ್ರಾ ಎಂಟು ಸಲ ಫೋನ್ ಮಾಡಿದಳಂತೆ. ಕೊನೆಗೆ ಯಾರೋ ಎತ್ತಿ, ನಿಮ್ಮಪ್ಪ ಕಟ್ಟಡದಿಂದ ಬಿದ್ದು ಸತ್ತ ಅಂತ ಆ ಮಗುವಿಗೇ ಹೇಳಿದ್ದಾರೆ.

ಅವರ ಮನೆಗೇ ಹೊರಟಿದ್ದೇನೆ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಬಿಪಿನ್‌ಗೂ ಅದೇ ಹೋಂವರ್ಕ್, ಅಪ್ಪನಿಗೆ ಫೋನ್ ಮಾಡಬೇಕು ಅಂತ ಹಟ ಮಾಡುತ್ತಾನೆ. ಮೊದಲು ನೀನೇ ಮಾಡು. ನಿನ್ನಣ್ಣ ಹಲೋ ಅಂದ ಮೇಲೆ ಮಾತ್ರ ಮಗುವಿನ ಕೈಗೆ ಕೊಡು.