ನಮ್ಮ ಶಾಲೆಯಲ್ಲಿ ಬೆಸುಗೆ ಮುರಿಯುವುದಿಲ್ಲ

ತರಬೇತಿ ಶಾಲೆಯ ಮಾನ್ಯ ನಿರ್ದೇಶಕರೇ,

ತಮ್ಮ ವೆಲ್ಡಿಂಗ್ ಶಾಲೆಯಲ್ಲಿ ಎರಡು ವರ್ಷದಿಂದ ಒಬ್ಬರೂ ನಪಾಸಾಗಿಲ್ಲ. ಅದಕ್ಕಾಗಿ ತಮಗೆ ಸನ್ಮಾನವೂ ಆಯಿತು. ಅಲ್ಲೇ ಪಾಠ ಹೇಳುವ ನಾನು ಮಾತ್ರ ಈ ದೂರು ಬರೆಯಲು ಕೂತಿದ್ದೇನೆ.

ನನ್ನ ಪದ್ಧತಿ ತಮಗೆ ನೆನಪಿರಬೇಕು. ಮೊದಲ ದಿನವೇ ಪ್ರತಿಯೊಬ್ಬರೂ ಎರಡು ಕಬ್ಬಿಣದ ಪಟ್ಟಿ ಬೆಸೆದು, ತಾವೇ ಕಬ್ಬಿಣ ಬಗ್ಗಿಸುವ ಪ್ರೆಸ್ಸಿಗೆ ಕೊಟ್ಟು ಮುರಿಯಬೇಕಿತ್ತು. ಮುರಿದ ತುಂಡುಗಳನ್ನು ಟ್ರೇಯಲ್ಲಿಟ್ಟು ಎಲ್ಲರೂ ಸುತ್ತ ನಿಂತು ನೋಡುತ್ತಿದ್ದೆವು: ಎಲ್ಲಿ ಗಾಳಿಗುಳ್ಳೆ, ಎಲ್ಲಿ ಕಸ, ಯಾರದು ಅವಸರದ ಕೈ. ನಗುತ್ತಿದ್ದೆವು, ಮತ್ತೆ ಬೆಸೆಯುತ್ತಿದ್ದೆವು. ತಾವು ಬಂದವರೇ ಮುಖ ಸಿಂಡರಿಸಿ, "ಏನ್ರೀ ಮೇಷ್ಟ್ರೇ, ಸೋತಿದ್ದನ್ನೆಲ್ಲಾ ಹರಡ್ಕೊಂಡು ಕೂತಿದೀರಾ?" ಎಂದಿರಿ. ಟ್ರೇ ಹೋಯಿತು, ಗೋಡೆಗೊಂದು ಬೋರ್ಡು ಬಂತು. ಬೆಸುಗೆ ಮುರಿದವರ ಫೋಟೊ, ಹೆಸರು, ಜೊತೆಗೆ ತಂದೆಯ ಹೆಸರು. ತಂದೆ ಮಾಡಿದ ತಪ್ಪೇನು ಸ್ವಾಮಿ? ಅವತ್ತಿನಿಂದ ಯಾರ ಪಟ್ಟಿಯೂ ಮುರಿಯಲೇ ಇಲ್ಲ. ಕಬ್ಬಿಣವೂ ತಮಗೆ ಹೆದರಿತೇ?

ತಾವೊಬ್ಬರೇ ಕಾರಣ ಎನ್ನಲಾರೆ. ಯಾರಾದರೂ ದೊಡ್ಡದಕ್ಕೆ ಕೈಹಾಕಿದರೆ "ಇವಳಿಗ್ಯಾಕೆ ಬೇಕಿತ್ತು ಇದೆಲ್ಲಾ?" ಎನ್ನುವವರು ನಾವು. ಎಡವಿದರೆ "ನಾನು ಅವತ್ತೇ ಹೇಳಿದ್ದೆ" ಎಂದು ಖುಷಿಪಡುವವರೂ ನಾವೇ. ತಾವು ಅದಕ್ಕೆ ಸರ್ಕಾರಿ ಮೊಹರು ಒತ್ತಿದಿರಿ, ಅಷ್ಟೇ.

ನನ್ನ ಮಗಳೂ ಅಲ್ಲೇ ಕಲಿತಳು. ಎತ್ತರದಲ್ಲಿ ನಿಂತು, ತಲೆಗಿಂತ ಮೇಲಿರುವ ಕಬ್ಬಿಣಕ್ಕೆ ಕೆಳಗಿನಿಂದ ಬೆಸುಗೆ ಹಾಕಬೇಕೆಂಬುದು ಅವಳ ಹಟ. ಅದು ಎಲ್ಲಕ್ಕಿಂತ ಕಷ್ಟದ ಕೆಲಸ. ಪರೀಕ್ಷೆಯಲ್ಲಿ ಅವಳು ತಂದುಕೊಟ್ಟ ಪಟ್ಟಿ ಪ್ರೆಸ್ಸಿನಲ್ಲಿ ಸಲೀಸಾಗಿ ಬಗ್ಗಿತು, ಬಿರುಕೇ ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಅದು ಮಾದರಿಗೆಂದು ನಾನೇ ಬೆಸೆದು ಕಪಾಟಿನಲ್ಲಿಟ್ಟಿದ್ದ ಪಟ್ಟಿ. ನನ್ನ ಕೈಕೆಲಸ ನನಗೆ ಗೊತ್ತಾಗದೇ? ಕಪಾಟು ತೆರೆದರೆ ನನ್ನ ಹನ್ನೆರಡು ಮಾದರಿಗಳಲ್ಲಿ ಒಂದೂ ಇರಲಿಲ್ಲ. ಮಗಳ ತಂಡದಲ್ಲಿದ್ದವರೂ ಹನ್ನೆರಡೇ ಜನ. ಹಿಂದಿನ ತಂಡದವರು ಯಾರ ಕೈಲಿ ಬೆಸುಗೆ ಹಾಕಿಸಿ ತಂದರೋ ದೇವರೇ ಬಲ್ಲ. ಆಗಲೇ ಕೂಗಿ ಹೇಳಬೇಕಿತ್ತು. ಬೋರ್ಡಿನ ಮೇಲೆ ಮಗಳ ಫೋಟೊ, ಅದರ ಕೆಳಗೆ ನನ್ನ ಹೆಸರು ಕಣ್ಮುಂದೆ ಬಂತು. ಹೇಡಿಯಂತೆ ಬಾಯಿ ಮುಚ್ಚಿಕೊಂಡು ಮನೆಗೆ ಬಂದೆ.

ಆ ಹನ್ನೆರಡು ಜನವೇ ಈಗ ಹೊಸ ಈಜುಕೊಳದ ಪ್ರೇಕ್ಷಕರ ಗ್ಯಾಲರಿ ಬೆಸೆದಿದ್ದಾರೆ. ತಮ್ಮ ಸಹಿಯ ಸರ್ಟಿಫಿಕೇಟು ನೋಡಿ ಯಾರೂ ಮತ್ತೆ ತಪಾಸಣೆ ಮಾಡಲಿಲ್ಲ. ಭಾನುವಾರ ಉದ್ಘಾಟನೆ. ನಾನೂರು ಶಾಲಾ ಮಕ್ಕಳನ್ನು ಅದರ ಮೇಲೆ ಕೂರಿಸುತ್ತಾರಂತೆ.

ಉದ್ಘಾಟನೆ ನಿಲ್ಲಿಸಿ. ಒಂದೊಂದು ಬೆಸುಗೆಯನ್ನೂ ಪರೀಕ್ಷೆ ಮಾಡಿಸಿ. ಹನ್ನೆರಡು ಜನರೂ ನನ್ನೆದುರು ಹೊಸದಾಗಿ ಬೆಸೆದು ತೋರಿಸಲಿ, ಮೊದಲು ನನ್ನ ಮಗಳು. ನನ್ನ ಕೆಲಸ ಹೋದರೆ ಹೋಗಲಿ.

ಮೇಷ್ಟ್ರಿಗೆ ತಲೆ ಕೆಟ್ಟಿದೆ ಎನ್ನುವಿರಾ? ನಿನ್ನೆ ಊಟಕ್ಕೆ ಕೂತಾಗ, "ಭಾನುವಾರ ನಿನ್ ಕೆಲ್ಸ ನೋಡೋಕೆ ಬರ್ತೀನಮ್ಮಾ" ಎಂದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಬಾ ಅಪ್ಪಾ," ಎಂದಳು. "ಆದ್ರೆ ಗ್ಯಾಲರಿ ಮೇಲೆ ಕೂರ್ಬೇಡ. ಅದ್ರ ಕೆಳಗೂ ನಿಲ್ಬೇಡ."

ಇಂತಿ,
ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ದ
ವೆಲ್ಡಿಂಗ್ ಮೇಷ್ಟ್ರು