ತಾತನ ಪಾರ್ಸಿ ಕಾಗದ

8 ಜೂನ್ 2025, ಭಾನುವಾರ. ಕೊಡಿಗೇನಹಳ್ಳಿ

ಬೆಳಗ್ಗೆ ಮತ್ತೆ ಪಾರ್ಸಿ ಕ್ರಿಯಾಪದಗಳ ಉರು, ನೀರೊಲೆಗೆ ಸೌದೆ ಒಟ್ಟುತ್ತಲೇ. ನಾನು ಯಾರಿಗೋ ಶಾಪ ಹಾಕುತ್ತಿರುವಂತೆ ಕೇಳಿಸುತ್ತದಂತೆ ಅಮ್ಮನಿಗೆ. ರಜೆ ಇನ್ನು ಎಂಟೇ ದಿನ. ಆಮೇಲೆ ಹೈದರಾಬಾದ್, ಹಾಸ್ಟೆಲ್, ಎಂ.ಎ. ಪರ್ಷಿಯನ್ ಕೊನೆಯ ವರ್ಷ.

ತಾತ ಇವತ್ತು ಟ್ರಂಕಿನಿಂದ ಆ ಕಾಗದ ತೆಗೆದುಕೊಟ್ಟರು. ಕೊನೆಗೂ! ನಾನು ಈ ಭಾಷೆ ಹಿಡಿದದ್ದೇ ಅದಕ್ಕಾಗಿ. ಮೊಗಲರ ಕಾಲದಲ್ಲಿ ಶಿರಾದ ಸುಬೇದಾರ ನಮ್ಮ ಹಿರೀಕ ದೊಡ್ಡಚೌಡಯ್ಯನ ಶೌರ್ಯ ಮೆಚ್ಚಿ ಬಾವಿ ಬರೆದುಕೊಟ್ಟನೆಂದು ಮನೆಯವರ ನಂಬಿಕೆ. ತಾತನಿಗೆ ಚೌಡಯ್ಯ ಎಂದು ಇಟ್ಟದ್ದೂ ಅವನ ಹೆಸರೇ.

"ಹಿರೇರ ಹಬ್ಬಕ್ಕೆ ನೆಂಟ್ರೆಲ್ಲಾ ಬತ್ತಾರೆ. ಅವತ್ತು ಎಲ್ರ ಮುಂದೆ ಓದ್ಬುಡು ಕಣಮ್ಮ."

ಫೋಟೊ ತೆಗೆದುಕೊಂಡೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ಓಡುತ್ತವೆ, ಚುಕ್ಕಿಗಳೇ ಇಲ್ಲ. ಬರೆದ ಗುಮಾಸ್ತನಿಗೆ ಏನು ಅವಸರವಿತ್ತೋ…

3 ಆಗಸ್ಟ್. ಹಾಸ್ಟೆಲ್

ಎಂಟು ವಾರಕ್ಕೆ ಎರಡು ಸಾಲು. 'ಬಾವಿ' ಸಿಕ್ಕಿತು. ದೊಡ್ಡಚೌಡಯ್ಯ ಸಿಗಲಿಲ್ಲ.

29 ಆಗಸ್ಟ್, ಮಧ್ಯಾಹ್ನ

ಪಾರ್ಸಿ ಕಲಿಸುವ ಮೇಡಂ ಜೊತೆ ಕೂತು ಪೂರ್ತಿ ಓದಿದೆ. ದೊಡ್ಡಚೌಡಯ್ಯ ಇಲ್ಲ. ಕತ್ತಿ, ಕುದುರೆ — ಏನೂ ಇಲ್ಲ. ಇರುವವಳು ಹೊನ್ನಿ. ಗಂಡ ಸತ್ತವಳು. ತಾನೇ ತೋಡಿದ ಬಾವಿ. ಅವಳನ್ನೂ ಅವಳ ಮಕ್ಕಳನ್ನೂ ಆ ನೀರಿನಿಂದ ಯಾರೂ ತಡೆಯಕೂಡದು. ಸುಬೇದಾರನ ಅಪ್ಪಣೆ ಅಷ್ಟೇ. ನಮ್ಮವರನ್ನು ಊರ ಬಾವಿಯ ಹತ್ತಿರಕ್ಕೂ ಬಿಡದಿದ್ದ ಕಾಲ!

ಮೇಡಂಗೆ ಸಂಭ್ರಮ. ನನಗೆ ಹೆಮ್ಮೆ, ಜೊತೆಗೇ ಅಳು. ತಾತ ಎಂಬತ್ತು ವರ್ಷ ಹೊತ್ತ ಹೆಸರು. ಹೇಗೆ ಹೇಳಲಿ?

20 ಸೆಪ್ಟೆಂಬರ್, ಶನಿವಾರ. ಕೊಡಿಗೇನಹಳ್ಳಿ

ಹಿಂದೂಪುರದಿಂದ ಬಸ್ಸಿನುದ್ದಕ್ಕೂ ಸುಳ್ಳು ಸಿದ್ಧ ಮಾಡಿಕೊಂಡೆ — ಹೆಸರು ಅಳಿಸಿಹೋಗಿದೆ ಎಂದುಬಿಡುವುದು. ತಾತ ಕಾಲು ತೊಳೆಯಲೂ ಬಿಡದೆ ಜಗಲಿಯಲ್ಲಿ ಕೂರಿಸಿಕೊಂಡರು. ಆ ಮುಖ ನೋಡಿ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ.

ತಾತ ಎದ್ದು ಹೊರಟೇಬಿಟ್ಟರು. ಊಟಕ್ಕೂ ಬರಲಿಲ್ಲ. "ಓದಿದ್ದು ಜಾಸ್ತಿ ಆಯ್ತು ನಿಂಗೆ" ಎಂದು ಅಮ್ಮ ಬೈದಳು. ಇರಬಹುದು.

21 ಸೆಪ್ಟೆಂಬರ್, ಬೆಳಗ್ಗೆ 7

ನಿನ್ನೆ ಸಂಜೆ ತಾತ ಬಂದವರೇ, "ಏಳು, ಬಟ್ಟೆ ಅಂಗ್ಡಿಗೆ ಹೋಗಾನ" ಎಂದರು. ಹಬ್ಬದ ಎಡೆಯ ಮುಂದೆ ಹಿರಿಯರಿಗೆ ಹೊಸ ಬಟ್ಟೆ ಇಡಬೇಕು. ಪ್ರತಿವರ್ಷ ದೊಡ್ಡಚೌಡಯ್ಯನಿಗೊಂದು ಪಂಚೆ. ಈ ಸಲವೂ ಕೊಂಡರು.

"ಇಷ್ಟ್ ವರ್ಸ ಬಂದು ಉಂಡೋಗವ್ನೆ. ಈಗ ಬ್ಯಾಡ ಅನ್ನಾಕಾಯ್ತದಾ?"

ನಗು ತಡೆದುಕೊಂಡೆ. ಆಮೇಲೆ ಸೀರೆಗಳ ಮುಂದೆ ನಿಂತರು. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಗಂಗಾ, ಆ ಅವ್ವಂಗೆ ಯಾವ ಬಣ್ಣ ಇಷ್ಟ ಅಂತ ಬರ್ದವ್ರಾ ಅದ್ರಾಗೆ?"

"ಇಲ್ಲ ತಾತ."

"ಇನ್ನೊಂದ್ಕಿತ ನೋಡಮ್ಮ."

ಇಲ್ಲವೆಂದು ಗೊತ್ತಿದ್ದೂ ಮೊಬೈಲ್ ತೆಗೆದೆ. ಅಂಗಡಿಯಲ್ಲೇ, ಮೊದಲ ಸಾಲಿನಿಂದ, ಗಟ್ಟಿಯಾಗಿ ಓದಿದೆ. ಹೊನ್ನಿಯ ಹೆಸರು ಬಂತು. ತಾತ ಹೆಗಲ ಟವೆಲ್ ತೆಗೆದು ಕಂಕುಳಲ್ಲಿಟ್ಟು, ಎರಡೂ ಕೈ ಮುಗಿದು ನಿಂತರು.