ಸಾಹುಕಾರನ ಬಾಯಲ್ಲಿ ಮೂಳೆ ಇರಲಿಲ್ಲ

ಪ್ರೀತಿಯ ಕಾಂಪೌಂಡರಣ್ಣನಿಗೆ,

ನನ್ನ ಕೈಬರಹ ಓದಬಲ್ಲ ಏಕೈಕ ಮನುಷ್ಯ ನೀವು. ಔಷಧಿ ಅಂಗಡಿಯವರೇ ನನ್ನ ಚೀಟಿ ಹಿಡಿದುಕೊಂಡು ನಿಮ್ಮ ಹತ್ತಿರ ಬರುತ್ತಿದ್ದರು. "ಇರುವೆ ಮಸಿಗೆ ಬಿದ್ದು ಎದ್ದು ಓಡಿಹೋಗಿದೆ, ಡಾಕ್ಟ್ರಮ್ಮಂದೇನೂ ತಪ್ಪಿಲ್ಲ" ಎಂದು ನೀವು ಅವರಿಗೆ ಓದಿ ಹೇಳುತ್ತಿದ್ದಿರಿ. ಈಗ ನಿಮ್ಮನ್ನು ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಮಲಗಿಸಿದ್ದಾರೆ. ಬೆಳಕು ಬಿದ್ದರೆ, ಫ್ಯಾನು ತಿರುಗಿದರೆ, ಲೋಟದ ಸದ್ದಾದರೆ ನಿಮ್ಮ ಗಂಟಲು ಹಿಂಡಿಕೊಳ್ಳುತ್ತದೆ. ಈ ಕಾಗದವನ್ನು ನೀವು ಓದುವುದಿಲ್ಲ. ನಾಳೆಯೋ ನಾಡಿದ್ದೋ ಎಂದು ಅಲ್ಲಿನ ದೊಡ್ಡ ಡಾಕ್ಟರು ನನ್ನನ್ನು ಬದಿಗೆ ಕರೆದು ಹೇಳಿದರು. ನಾನು ನಾಯಿ, ಬೆಕ್ಕು, ದನಗಳ ಡಾಕ್ಟರಾದರೂ ಈ ಒಂದು ರೋಗದ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯಾದರೂ ಅಷ್ಟೇ, ಮನುಷ್ಯನಾದರೂ ಅಷ್ಟೇ.

ಹತ್ತೊಂಬತ್ತು ವರ್ಷ ಒಂದೇ ಕ್ಲಿನಿಕ್ಕಿನಲ್ಲಿ ಎದುರುಬದುರು ನಿಂತು ಕೆಲಸ ಮಾಡಿದೆವು. ನಾನು ಬಂದ ಹೊಸದರಲ್ಲಿ ನಿಮಗೆ ನನ್ನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಹಸುವಿನ ಹಿಂದೆ ನಿಂತು ನಡುಗುತ್ತಿದ್ದ ನನ್ನನ್ನು ನೋಡಿ "ಒದೆಯೋದು ಅದರ ಕೆಲಸ, ತಪ್ಪಿಸಿಕೊಳ್ಳೋದು ನಮ್ಮ ಕೆಲಸ. ಯಾರ ಕೆಲಸ ಯಾರೂ ಬಿಡಬಾರದು" ಎಂದಿದ್ದಿರಿ. ಆಮೇಲೆ ಅದೇನಾಯಿತೋ, ನೀವು ನನ್ನ ಅಣ್ಣನಾಗಿಬಿಟ್ಟಿರಿ. ಒಡಹುಟ್ಟಿದ ಅಣ್ಣಂದಿರು ಇಬ್ಬರಿದ್ದಾರೆ. ಅವರು ಯಾರೂ ನಾನು ಊಟ ಮಾಡಿದೆನೋ ಇಲ್ಲವೋ ಎಂದು ಡಬ್ಬಿ ಅಲ್ಲಾಡಿಸಿ ನೋಡಿದವರಲ್ಲ.

ನಮ್ಮ ಸಲಹಾ ಹಾಳೆ ನೆನಪಿದೆಯೇ? ವರ್ಷಕ್ಕೆರಡು ಸಲ ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಿದ್ದೆವಲ್ಲ, ಸಾಕುಪ್ರಾಣಿಗಳನ್ನೂ ಕಾಡುಪ್ರಾಣಿಗಳನ್ನೂ ಕಾಪಾಡುವ ಬಗೆ ಅಂತ. ನಾನು ಬರೆಯುವುದು, ನೀವು ಗಟ್ಟಿಯಾಗಿ ಓದಿ ಮೂಗು ಮುರಿಯುವುದು. 'ಶ್ವಾನಗಳನ್ನು ವನ್ಯಜೀವಿಗಳ ಸಂಪರ್ಕದಿಂದ ದೂರವಿರಿಸತಕ್ಕದ್ದು' ಎಂದು ನಾನು ಬರೆದರೆ "ಇದನ್ನ ಓದಿದ್ರೆ ನಾಯಿಗೂ ನಿದ್ದೆ ಬರುತ್ತೆ. 'ನಿಮ್ಮ ನಾಯಿಗೂ ನರಿಗೂ ನೆಂಟಸ್ತಿಕೆ ಬೇಡ' ಅಂತ ಹಾಕಿ" ಎನ್ನುತ್ತಿದ್ದಿರಿ. ಹಾಗೇ ಹಾಕಿದೆವು. ಇಲಿಗೆ ವಿಷ ಇಡಬೇಡಿ, ಆ ಇಲಿಯನ್ನು ತಿಂದ ಗೂಬೆಯೂ ಸಾಯುತ್ತದೆ. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿಕೊಂಡು ಹೋಗಬೇಡಿ, ಅದರ ತಾಯಿ ಪಕ್ಕದ ಕೊಂಬೆಯಲ್ಲೇ ಕೂತು ನಿಮ್ಮನ್ನು ಬೈಯುತ್ತಿರುತ್ತದೆ. ಹಕ್ಕಿ ಹಿಡಿಯುವ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟಿ. ಅದನ್ನು ಅಚ್ಚು ಹಾಕಿಸಿದ ವಾರ ನೀವು ಎಂಥ ಜಂಭದಲ್ಲಿ ತಿರುಗಿದಿರಿ! "ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಲೋಕವೇ ಕೇಳ್ತಿತ್ತು. ಇಲ್ಲಿದೀನಿ ನೋಡಿ, ಇಪ್ಪತ್ತಾರು ಬೆಕ್ಕಿಗೆ ಕಟ್ಟಿದೀನಿ" ಎಂದು ಬಂದವರಿಗೆಲ್ಲ ಪರಚಿದ ಕೈ ತೋರಿಸಿದಿರಿ.

ಹಾಳೆಯ ಕೊನೆಯಲ್ಲಿ ನಾನೇ ದಪ್ಪಕ್ಷರದಲ್ಲಿ ಹಾಕಿಸಿದ ಸಾಲೊಂದಿತ್ತು. 'ನಮ್ಮ ಕ್ಲಿನಿಕ್ಕಿನ ವ್ಯಾಪ್ತಿಯಲ್ಲಿ ಹನ್ನೊಂದು ವರ್ಷಗಳಿಂದ ಒಂದೂ ಹುಚ್ಚುನಾಯಿ ರೋಗದ ಪ್ರಕರಣವಿಲ್ಲ.' ಆ ಸಾಲು ಕಂಡರೆ ನನಗೆ ಎಷ್ಟು ಹೆಮ್ಮೆಯಿತ್ತು ಎಂಬುದು ನಿಮಗೆ ಗೊತ್ತು. ಆ ಹೆಮ್ಮೆ ಏನು ಮಾಡಿಸಿತು ಎಂಬುದು ಗೊತ್ತಿಲ್ಲ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಏಳು ವಾರದ ಹಿಂದಿನ ಶನಿವಾರ. ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಿಗೆ ಬೀಗ ರಿಪೇರಿಯವನು ತನ್ನ ನಾಯಿಯನ್ನು ಹೊತ್ತು ತಂದ. ಸಾಹುಕಾರ ಅಂತ ಅದರ ಹೆಸರು. ಯಾರು ಕರೆದರೂ ಏಳದೆ ಬಾಗಿಲಲ್ಲೇ ಬಿದ್ದುಕೊಂಡಿರುತ್ತದೆ ಎಂದು ಹಾಗೆ ಕರೆಯುತ್ತಿದ್ದರು. ಅವತ್ತು ಅದರ ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. "ಮೂಳೆ ಸಿಕ್ಕಾಕ್ಕೊಂಡಿದೆ ಡಾಕ್ಟ್ರೇ, ಎರಡು ದಿನದಿಂದ ಬಾಯಿ ಮುಚ್ಚಿಲ್ಲ, ನೀರೂ ಕುಡಿದಿಲ್ಲ" ಎಂದ. ಲಸಿಕೆ ಹಾಕಿಸಿದ್ದೀಯಾ ಎಂದೆ. ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ನನ್ನದೇ ಸಹಿ ಕಂಡಿತು. ಅಷ್ಟು ಸಾಕೆನಿಸಿತು ನನಗೆ. "ಅಣ್ಣ, ಬಾಯೊಳಗೆ ಕೈ ಹಾಕಿ ನೋಡಿ" ಎಂದೆ. ಅಂದದ್ದು ನಾನು.

ನೀವು ಕೈಗವಸು ಹಾಕಿಕೊಳ್ಳಲಿಲ್ಲ. "ರಬ್ಬರಿಗೇನು ಗೊತ್ತು, ಮೂಳೆ ಎಲ್ಲಿದೆ ಅಂತ ಬೆರಳಿಗೇ ಗೊತ್ತಾಗೋದು" ಎಂಬುದು ನಿಮ್ಮ ಹಳೆಯ ಮಾತು. ಆ ಬೆರಳುಗಳನ್ನು ನಂಬಿಯೇ ನಾನು ಇಷ್ಟು ವರ್ಷ ದುಡಿದದ್ದು. ಬೆಳಿಗ್ಗೆ ಔಷಧಿಯ ಗಾಜಿನ ಶೀಶೆಯ ತುದಿ ಮುರಿಯುವಾಗ ತೋರುಬೆರಳು ಕೊಯ್ದುಕೊಂಡಿತ್ತು. ಅದಕ್ಕೆ ಸುತ್ತಿದ್ದ ಪಟ್ಟಿಯನ್ನೂ ಕಿತ್ತೆಸೆದು ಮಣಿಕಟ್ಟಿನವರೆಗೆ ಕೈ ಇಳಿಸಿದಿರಿ. ನಾನು ಟಾರ್ಚು ಹಿಡಿದು ಬಗ್ಗಿದ್ದೆ. ಸಾಹುಕಾರ ಕಚ್ಚಲಿಲ್ಲ, ಗುರುಗುಟ್ಟಲೂ ಇಲ್ಲ. ಒಮ್ಮೆ ಮಾತ್ರ ತಲೆ ಕೊಡವಿದಾಗ ಅದರ ಜೊಲ್ಲು ನನ್ನ ಕಣ್ಣಿಗೆ ಸಿಡಿಯಿತು. ಮೂಳೆ ಸಿಗಲಿಲ್ಲ. ಹಿಂದೆ ಸರಿದಿರಬೇಕು ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದೆವು.

ಕಾಲೇಜಿನಲ್ಲಿ ಮೊದಲ ವರ್ಷವೇ ಹೇಳಿಕೊಡುತ್ತಾರೆ, ಅಣ್ಣ. ಹುಚ್ಚು ಹಿಡಿದ ನಾಯಿಗಳೆಲ್ಲ ಅಟ್ಟಿಸಿಕೊಂಡು ಬರುವುದಿಲ್ಲ. ಕೆಲವು ಮಂಕಾಗಿ ದವಡೆ ಜೋತುಬಿಟ್ಟು ಕೂರುತ್ತವೆ. ನೋಡಿದವರು ಮೂಳೆ ಸಿಕ್ಕಿದೆ ಎಂದು ಕೈ ಹಾಕುತ್ತಾರೆ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವಳು ನಾನು. ಆದರೆ ಹನ್ನೊಂದು ವರ್ಷ ರೋಗವೇ ಕಾಣದವಳಿಗೆ ಮೂಳೆಯೇ ಕಂಡಿತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತೆ, ಊರಿಗೆಲ್ಲ ಹಾಳೆ ಹಂಚಿದ ನಾವಿಬ್ಬರೂ ನಮ್ಮ ಲಸಿಕೆಯನ್ನು ಯಾವ ಕಾಲದಲ್ಲೋ ಮರೆತಿದ್ದೆವು.

ನೀವು ಮನೆಗೆ ಹೋದ ಮೇಲೆ ಮೇಜು ಒರೆಸುವಾಗ ಆ ಕಾರ್ಡು ಕಂಡಿತು. ಬೀಗದವನು ಮರೆತು ಹೋಗಿದ್ದ. ನನ್ನ ಸಹಿಯ ಕೆಳಗಿನ ತಾರೀಖು ಆಗ ಓದಿದೆ. ಮೂರು ವರ್ಷದ ಹಿಂದಿನದು. ಫೋನು ಮಾಡಿದೆ. ತಿಂಗಳ ಹಿಂದೆ ಕಾಲುವೆಯ ಹಿಂದೆ ನರಿಯ ಜೊತೆ ಕಚ್ಚಾಡಿತ್ತು ಎಂದ, ಅದೇನು ದೊಡ್ಡ ವಿಷಯ ಎನ್ನುವ ಹಾಗೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಆಸ್ಪತ್ರೆಗೆ ಹೋಗಿ ಮೊದಲ ಇಂಜೆಕ್ಷನ್ ಹಾಕಿಸಿಕೊಂಡೆ. ಒಬ್ಬಳೇ. ಸೋಮವಾರ ಬೀಗದವನು ಫೋನು ಮಾಡಿ, ಸಾಹುಕಾರ ಸತ್ತಿತು, ಹೂತುಬಿಟ್ಟೆವು ಎಂದ. ಅಗೆದು ತಲೆಯನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಕಳಿಸಲಿಲ್ಲ.

ಆ ಸೋಮವಾರ ನೀವು ಸಿರಿಂಜು ಕುದಿಸುತ್ತಿದ್ದಿರಿ. ನಾನು ಕೈ ತೊಳೆಯುತ್ತ, ನಿಮ್ಮ ಮುಖ ನೋಡದೆ, "ಅಣ್ಣ, ಆ ನಾಯಿ ಬಾಯಿಗೆ ಕೈ ಹಾಕಿದ್ರಲ್ಲ, ಯಾವುದಕ್ಕೂ ಇಂಜೆಕ್ಷನ್ ಹಾಕಿಸ್ಕೊಂಡ್ಬಿಡಿ" ಎಂದೆ. ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಹಗುರವಾಗಿ. ನೀವು ನಕ್ಕಿರಿ. "ಕಚ್ಚಿದ್ರೆ ತಾನೆ? ಪಾಪದ ಪ್ರಾಣಿ, ಹಲ್ಲೂ ಊರಲಿಲ್ಲ. ಊರಿಗೆಲ್ಲ ಚುಚ್ಚಿದವನು ನಾನು, ಈಗ ನನಗೇ ಚುಚ್ಚಿಸ್ಕೊಳ್ಳೋದಾ?" ಎಂದಿರಿ. ಆಮೇಲೆ ಕೇಳಿದಿರಿ, "ನೀವು ಹಾಕಿಸ್ಕೊಂಡ್ರಾ?"

ಆಗ ನಾನು ಹೇಳಿದ್ದು ಎರಡೇ ಮಾತು. "ಇಲ್ಲಪ್ಪ, ನನಗ್ಯಾಕೆ."

ಹೌದು ಎಂದಿದ್ದರೆ ನೀವು ಆ ಒಲೆ ಆರಿಸಿ ನೆಟ್ಟಗೆ ಆಸ್ಪತ್ರೆಗೆ ಹೋಗುತ್ತಿದ್ದಿರಿ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ನಾನು ಔಷಧಿ ಅಂದದ್ದನ್ನು ಕಣ್ಣು ಮುಚ್ಚಿ ಕುಡಿಯುವವರು ನೀವು. ಆದರೆ ಹೌದು ಎಂದರೆ ತಾರೀಖು ಓದದೆ ಕೈ ಹಾಕಿಸಿದ್ದು ಹೊರಬರುತ್ತಿತ್ತು, ದಪ್ಪಕ್ಷರದ ಸಾಲು ಹೋಗುತ್ತಿತ್ತು. ಅದಕ್ಕೊಂದು ಒಳ್ಳೆಯ ನೆಪವನ್ನೂ ಹುಡುಕಿಕೊಂಡಿದ್ದೆ. ವಿಷಯ ಗೊತ್ತಾದರೆ ಪೌರಾಡಳಿತದವರು ಕಾಲುವೆಯ ಹಿಂದೆ ನರಿಗಳಿಗೆ ವಿಷ ಇಡುತ್ತಾರೆ, ಅದನ್ನು ತಿಂದು ಕಾಗೆ, ಗೂಬೆ, ಮುಂಗುಸಿ ಎಲ್ಲ ಸಾಯುತ್ತವೆ, ಅವುಗಳಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರ ಎರಡನೆಯದು ಹಾಕಿಸಿಕೊಂಡೆ. ಹಲ್ಲುನೋವು ಎಂದು ನಿಮಗೆ ಹೇಳಿ ಹೋಗಿದ್ದೆ. ನೀವು ಲವಂಗ ತಂದುಕೊಟ್ಟಿರಿ. ಒಟ್ಟು ಐದು ಇಂಜೆಕ್ಷನ್ ಅಣ್ಣ, ಒಂದನ್ನೂ ತಪ್ಪಿಸಲಿಲ್ಲ. ಪ್ರತಿ ಸಲ ಹೋಗುವಾಗಲೂ ನಾಳೆ ಹೇಳೋಣ ಅಂದುಕೊಂಡೆ. ದಿನ ಕಳೆದಷ್ಟೂ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಲ್ಲ ಎಂಬ ಭಯ ಹೆಚ್ಚಾಯಿತು.

ಹೋದ ವಾರ "ಈ ಬೆರಳು ಯಾಕೋ ಜುಮ್ ಅಂತಿದೆ, ಇರುವೆ ಹರಿದ ಹಾಗೆ" ಎಂದು ನೀವು ತೋರಿಸಿದಾಗ ನನಗೆ ಎಲ್ಲ ತಿಳಿಯಿತು. ಸಿರಿಂಜು ಒತ್ತಿ ಒತ್ತಿ ನರ ಹಿಡಿದಿರಬೇಕು ಎಂದೆ. ಆ ಹೊತ್ತಿಗೆ ನಿಜ ಹೇಳಿದ್ದರೂ ಏನೂ ಉಳಿದಿರಲಿಲ್ಲ. ನೀವು ಬಿಸಿನೀರಿನಲ್ಲಿ ಬೆರಳಿಟ್ಟುಕೊಂಡು ಕೂತಿದ್ದಿರಿ. ಎರಡು ದಿನದ ಮೇಲೆ ಅತ್ತಿಗೆ ಓಡಿಬಂದರು. "ನೀರು ಕೊಟ್ರೆ ಲೋಟ ತಳ್ಳಿ ಕಿರುಚ್ತಾರೆ ಕಣಮ್ಮ, ಏನಾಯ್ತು ಇವರಿಗೆ?" ಎಂದು ನನ್ನನ್ನೇ ಕೇಳಿದರು.

ಇಲ್ಲಿನ ಸುದ್ದಿ ನಿಮಗೆ ಬೇಡ, ಆದರೂ ಹೇಳುತ್ತೇನೆ. ನಿಮ್ಮ ರೋಗದ ಸುದ್ದಿ ಹರಡಿದ್ದೇ ಪೌರಾಡಳಿತದವರು ಕಾಲುವೆಯ ಹಿಂದೆ ವಿಷದ ಮಾಂಸ ಹಾಕಿದ್ದಾರೆ. ಹಾಕುವುದನ್ನು ನಾನು ತಡೆದಂತಾಗಲಿಲ್ಲ, ತಡ ಮಾಡಿದೆ ಅಷ್ಟೆ. ಬೆಳಿಗ್ಗೆ ಎರಡು ಗೂಬೆಗಳನ್ನು ಚೀಲದಲ್ಲಿ ತಂದರು, ಒಂದು ಇನ್ನೂ ಕಣ್ಣು ಬಿಡುತ್ತಿತ್ತು, ಉಳಿಸಲಾಗಲಿಲ್ಲ. ಜನ ಸಾಕಿದ ನಾಯಿ, ಬೆಕ್ಕುಗಳನ್ನು ತಂದು ನಮ್ಮ ಗೇಟಿಗೆ ಕಟ್ಟಿ ಹೋಗುತ್ತಿದ್ದಾರೆ. ಎಲ್ಲ ಕೈ ತಪ್ಪಿ ಹೋಯಿತು. ನಾವು ಹತ್ತೊಂಬತ್ತು ವರ್ಷ ಹೇಳಿಕೊಟ್ಟದ್ದನ್ನೆಲ್ಲ ಈ ಊರು ಒಂದೇ ವಾರದಲ್ಲಿ ಮರೆಯಿತು.

ನಿನ್ನೆ ಮಧ್ಯಾಹ್ನ ನಿಮ್ಮನ್ನು ನೋಡಲು ಬಂದಿದ್ದೆ. ನಡುನಡುವೆ ನೀವು ಪೂರ್ತಿ ನೀವೇ ಆಗಿರುತ್ತೀರಿ, ಅದೇ ಈ ರೋಗದ ಕ್ರೂರತನ. ನಿಮ್ಮ ಕೈಗಳನ್ನು ಮಂಚಕ್ಕೆ ಬಟ್ಟೆಯಲ್ಲಿ ಕಟ್ಟಿದ್ದರು. ಬೆವರಿದ್ದಿರಿ, ತುಟಿ ಒಡೆದಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ಬಂದವಳೇ ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಎಂದುಕೊಂಡಿದ್ದೆ. ನೀವು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ನಿಮಗೆ ಕೆಲಸದ ಆತುರ. "ಬೀಗದವನ ತಾಯಿ ಆ ನಾಯಿಗೆ ಕೈಯಾರೆ ತಿನ್ನಿಸ್ತಿದ್ರು. ಅವರಿಗೂ ಅವನಿಗೂ ಇವತ್ತೇ ಹಾಕಿಸಿ" ಎಂದಿರಿ. ಏಳು ವಾರ ನನಗೆ ಹೊಳೆಯದ ಇಬ್ಬರು ಮನುಷ್ಯರು. ಸಂಜೆಯೊಳಗೆ ಹಾಕಿಸಿದೆ.

ಆಮೇಲೆ ನೀವು ಅಳತೊಡಗಿದಿರಿ. ಸಾಯುವ ಭಯಕ್ಕೆ ಎಂದುಕೊಂಡೆ. "ಡಾಕ್ಟ್ರಮ್ಮ, ಆ ಸೋಮವಾರ ನಾನು ಇಲ್ಲದ ಜಂಭ ಕೊಚ್ಚಿ ನಕ್ಕುಬಿಟ್ಟೆ. ನಾನು ನಕ್ಕಿದ್ದಕ್ಕೇ ನೀವೂ ಹಾಕಿಸ್ಕೊಳ್ಳದೆ ಬಿಟ್ರಿ. ನಿಮ್ಮ ಕಣ್ಣಿಗೂ ಜೊಲ್ಲು ಸಿಡಿದಿತ್ತಲ್ಲ. ಇಲ್ಲಿ ಬಂದಾಗಿನಿಂದ ನನಗೆ ಅದೊಂದೇ ಯೋಚನೆ. ಈಗಲಾದ್ರೂ ಹಾಕಿಸ್ಕೊಂಡ್ರಾ?" ಎಂದಿರಿ. ಹಾಕಿಸಿಕೊಂಡೆ ಎಂದೆ. "ಯಾವಾಗ?" ಎಂದಿರಿ. ನಿಮ್ಮ ಮುಖ ನೋಡಿ ನನಗೆ ನಿಜ ಹೇಳಲಾಗಲಿಲ್ಲ. "ನಿನ್ನೆ" ಎಂದೆ.

ಕಟ್ಟಿದ ಕೈಯ ಬೆರಳಲ್ಲೇ ನೀವು ವಾರಗಳನ್ನು ಎಣಿಸಿದಿರಿ. ನಿಮ್ಮ ಮೈಯೆಲ್ಲ ಸಡಿಲವಾಯಿತು. "ಸದ್ಯ. ಇನ್ನೂ ಹೊತ್ತು ಮೀರಿಲ್ಲ. ಒಂದನ್ನೂ ತಪ್ಪಿಸ್ಬೇಡಿ, ಆಣೆ ಮಾಡಿ" ಎಂದಿರಿ. ನಾನು ಆಣೆ ಮಾಡಿದೆ, ಅಣ್ಣ.

ನಾವು ಯಾರನ್ನೂ ಹೋಗಿ ಎಂದು ಕಳಿಸುವವರಲ್ಲ, ಹೋಗಿ ಬನ್ನಿ ಎನ್ನುವವರು. ನಿಮಗೆ ಅದನ್ನೂ ಹೇಳುವ ಹಾಗಿಲ್ಲ. ನನ್ನನ್ನು ಕ್ಷಮಿಸಬೇಡಿ. ಒಂದು ಗುಟುಕು ನೀರು ಸಲೀಸಾಗಿ ಗಂಟಲಲ್ಲಿ ಇಳಿಯಲಿ, ಆಮೇಲೆ ಬಾಯಾರಿಕೆಯಿಲ್ಲದ ನಿದ್ದೆ ಬರಲಿ.

ನಿಮ್ಮ ಆಯಸ್ಸನ್ನು ಕಿತ್ತುಕೊಂಡು ಬದುಕಿರುವ,
ಡಾಕ್ಟ್ರಮ್ಮ